ನಾಲ್ಕು ಜನರ ಗಾಳಿ

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ನನ್ನ ಹಳೆಯ ಆಸ್ಟಿನ್ ಕಾರಿನ ಹಿಂದಿನ ಟಯರುಗಳು ಸವೆದು ಬೋಳಾಗಿದ್ದವು. ಮೆಲ್ಕಾರಿನ ಟಯರಂಗಡಿಯ ಮೋನು ಬ್ಯಾರಿ ಬಗ್ಗಿ ನೋಡಿ ಕೇಳಿದರು: “ಎಷ್ಟು ಜನ ಕೂರ್ತೀರಿ? ಒಬ್ಬರೇ ಆದರೆ ಮೇಲೆ ಹೊಸ ರಬ್ಬರು ಅಂಟಿಸಿ ರೀಸೋಲ್ ಮಾಡಿದ ಹಳೆ ಟಯರು ಸಾಕು, ಅಗ್ಗ ಉಂಟು. ಹೆಂಡತಿ ಮಕ್ಕಳು ಕೂರುವುದಾದರೆ ಅದು ಬೇಡ ಮಾರಾಯ್ರೆ, ಹೊಸತೇ ಹಾಕುವ.”

ಒಬ್ಬನೇ ಎನ್ನಲು ಬಾಯಿ ಬರಲಿಲ್ಲ. “ನಾವು ನಾಲ್ಕು ಜನ” ಎಂದುಬಿಟ್ಟೆ. ಅವರಿಗೆ ಖುಷಿಯಾಯಿತು. ಹೊಸ ಟಯರು ಹಾಕಿ, ನಾಲ್ಕು ಜನರ ಭಾರಕ್ಕೆಂದು ಕಲ್ಲಾಗುವಷ್ಟು ಗಾಳಿ ತುಂಬಿಸಿದರು.

ಕೆಲಸದ ಮೇಲೆ ನೆರಿಯ ಎಂಬ ಹಳ್ಳಿಗೆ ಹೊರಟವನು ಕಲ್ಲುದಾರಿಯುದ್ದಕ್ಕೂ ಒಬ್ಬನೇ ಕುಪ್ಪಳಿಸಿದೆ. ಹಿಂದಿನ ಖಾಲಿ ಸೀಟು ನನಗಿಂತ ಜೋರಾಗಿ ಕುಪ್ಪಳಿಸಿತು. ಗಾಳಿ ಸ್ವಲ್ಪ ಇಳಿಸಲು ಮತ್ತೆ ಆ ಅಂಗಡಿಗೆ ಹೋಗಬಹುದಿತ್ತು. ಮಕ್ಕಳನ್ನು ಎಲ್ಲಿ ಇಳಿಸಿದಿರಿ ಎಂದು ಅವರು ಕೇಳಿದರೆ?