ಪ್ರಾಣೇಶರಾಯರ ಹುಲ್ಲಂಗಳ

ಪಾರ್ವತಿನಗರದಲ್ಲಿ ನಮ್ಮ ಪಕ್ಕದ ಬಂಗಲೆಯ ಪ್ರಾಣೇಶರಾಯರ ತೋಟದ ಹುಚ್ಚಿನಿಂದ ನಮಗೆ ಸಾಕುಸಾಕಾಗಿದೆ. ಹಿಂದೆ ಬಿಳಿ ದೊರೆಯೊಬ್ಬ ಇದ್ದ ಬಂಗಲೆ ಅದು. ಅವನ ಕಚೇರಿಯಲ್ಲೇ ಗುಮಾಸ್ತರಾಗಿದ್ದ ರಾಯರು, ದೊರೆಗಳು ದೇಶ ಬಿಟ್ಟ ವರ್ಷವೇ ಅದನ್ನು ಬಾಡಿಗೆಗೆ ಹಿಡಿದರು. ಬಂದವರೇ ಅಂಗಳದ ಹುಲ್ಲುಹಾಸನ್ನು ಅಗೆಸತೊಡಗಿದರು. ಜೋಳ ಬಿತ್ತಿದರು, ಗಿಳಿಗಳು ತಿಂದವು. ಕುರುಗೋಡಿನಿಂದ ಮೆಣಸಿನ ಸಸಿ ತಂದರು, ಬಿಸಿಲಿಗೆ ಬಾಡಿದವು. ಹೀರೆಬಳ್ಳಿ ಮಾತ್ರ ಚೆನ್ನಾಗಿ ಹಬ್ಬಿ ನಮ್ಮ ಕಿಟಕಿಯೊಳಗೇ ಬಂತು. ಗೊಬ್ಬರದ ನಾತಕ್ಕೆ ನಾವು ಬಾಗಿಲು ಮುಚ್ಚಿಕೊಂಡೇ ಊಟ ಮಾಡುತ್ತೇವೆ. ಸಿರುಗುಪ್ಪದ ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲೆ ಸಸಿಯ ಬುಟ್ಟಿ ಇಟ್ಟು, “ಸ್ವಲ್ಪ ಹಿಡೀರಿ, ಬೇರು ಅಲುಗಬಾರದು” ಎನ್ನುತ್ತಾರೆ. ಬಾವಿಯ ನೀರೆಲ್ಲ ತೋಟಕ್ಕೇ ಆಯಿತೆಂದು ಹೆಂಡತಿ ಅಂಬುಜಮ್ಮ ಗೊಣಗಿದರೆ, “ಹುಲ್ಲು ಅಡಿಗಿಗೆ ಬರ್ತದೇನು?” ಎಂಬುದೊಂದೇ ಉತ್ತರ. ಮೊನ್ನೆ ತಮ್ಮ ಬಾಗಿಲ ಮುಂದೆ ಉಳಿದಿದ್ದ ಹುಲ್ಲನ್ನೂ ಕಿತ್ತು ಬದನೆ ನೆಡುತ್ತಿದ್ದಾಗ ನಾನು ತಾಳ್ಮೆಗೆಟ್ಟು, “ಇಷ್ಟಾದ್ರೂ ಬಿಡಬಾರದೇನ್ರೀ ರಾಯರ? ಬದನಿಕಾಯಿ ಸಂತ್ಯಾಗ ಸಿಗತಾವ” ಎಂದೆ. ರಾಯರು ಕೈಯ ಮಣ್ಣು ಒರೆಸಿಕೊಂಡರು. “ಈ ಹುಲ್ಲಿನ ಮ್ಯಾಲೆ ದೊರಿ ನಾಯಿ ಮಲಗ್ತಿತ್ತು. ನಾನು ಫೈಲು ಹಿಡಕೊಂಡು ಅಂಚಿನಾಗ ಬಿಸಿಲಿಗೆ ನಿಲ್ಲಬೇಕಿತ್ತು, ಹುಲ್ಲು ತುಳಿಯೋ ಹಂಗಿರಲಿಲ್ಲ. ಈಗ ನಾನ ಇಲ್ಲಿ ಇದ್ರೂ ಅದರ ಮ್ಯಾಲೆ ಕಾಲಿಡ್ಲಿಕ್ಕೆ ಆಗವಲ್ದು. ನಿನ್ನಿತನಕ ಸುತ್ತು ಹಾಕ್ಕೊಂಡ ಒಳಗ ಹೋಗ್ತಿದ್ದೆ” ಎಂದರು. ಆಮೇಲೆ ಎದ್ದು, ತಾವೇ ಆಗಷ್ಟೇ ನೆಟ್ಟ ಬದನೆ ಸಸಿಗಳನ್ನು ತುಳಿಯುತ್ತ, ನೇರವಾಗಿ ಬಾಗಿಲಿಗೆ ನಡೆದುಹೋದರು.