ಬಾಲ ಬಿಟ್ಟ ಗಂಟುಗಳು

ಟ್ರಂಕು ಖಾಲಿ ಮಾಡುವಾಗ ಹಳೆಯ ಕನ್ನಡಕದ ಡಬ್ಬಿ ಸಿಕ್ಕಿತು. ಮುಚ್ಚಳ ತೆರೆದರೆ ರೆಕ್ಸಿನ್ ವಾಸನೆ. ಕನ್ನಡಕದ ಅಡಿಯಲ್ಲಿ ಮಡಿಸಿಟ್ಟ ಒಂದು ಕಾಗದ, ಎರಡೂ ಅಂಚಿಗೆ ಸಾಲಾಗಿ ತೂತುಗಳಿರುವ ಕಂಪ್ಯೂಟರ್ ಕಾಗದ. ಬಿಡಿಸದೆ ಮಡಿಲಲ್ಲಿಟ್ಟುಕೊಂಡೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ಮೈಸೂರು ಕಡೆಯ ಒಬ್ಬರು ಮೇಡಂ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ನಾನು ಉಡುಪಿ ಕಡೆಯವಳು. ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ. ಗಂಡ ಸತ್ತ ಮೇಲೆ ಬೆಳಿಗ್ಗೆ ಆ ಕ್ಲಾಸಿನ ನೆಲ ಒರೆಸುತ್ತಿದ್ದೆ, ಮಧ್ಯಾಹ್ನ ಸೀರೆಗೆ ಫಾಲ್ ಹಚ್ಚುತ್ತಿದ್ದೆ, ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದೆ. ಅಲ್ಲಿ ಕಲಿಯಲು ಬರುವವರಿಗೆಲ್ಲ ನಾನು ‘ಮಾವ್ಶಿ’, ಮರಾಠಿಯಲ್ಲಿ ಕೆಲಸದವಳನ್ನು ಕರೆಯುವ ಹಾಗೆ. ಮೇಡಂ ಒಬ್ಬರೇ ‘ಅಕ್ಕ’ ಅನ್ನುತ್ತಿದ್ದರು.

ವಾಶಿಯ ಒಂದು ಕಂಪನಿಗೆ ಅವರು ಇಂಟರ್‌ನೆಟ್ಟಿನ ಪುಟಗಳನ್ನು ಬರೆಸಿಕೊಡುತ್ತಿದ್ದರು. ಒಂದು ದಿನ ಒರೆಸುತ್ತಾ ಮೇಜಿನ ಮೇಲಿದ್ದ ಕಾಗದ ನೋಡಿದೆ. ಇಂಗ್ಲಿಷು ನನಗೆ ಬಾರದು. ಆದರೆ ಅಲ್ಲಲ್ಲಿ ಹಗ್ಗದ ಗಂಟಿನಂಥ ಒಂದು ಗುರುತು, ನಾಲ್ಕಾರು ಅಕ್ಷರ ಆದ ಕೂಡಲೇ ಒಂದು ಚುಕ್ಕಿ, ಚುಕ್ಕಿಯ ಕೆಳಗೆ ಬಾಲ. ಎಲ್ಲ ಕಡೆಯೂ ಹಾಗೇ. ಒಂದು ಕಡೆ ಮಾತ್ರ ಗಂಟಿತ್ತು, ಬಾಲವಿರಲಿಲ್ಲ.

“ಎಂಥ ಮೇಡಂ, ಇಲ್ಲಿ ಹುಕ್ಕುಂಟು, ಕಣ್ಣೇ ಇಲ್ವಲ್ಲ” ಎಂದೆ.

ಮೇಡಂ ಕಾಗದ ತೆಗೆದುಕೊಂಡು ನೋಡಿದರು. ನನ್ನನ್ನೂ ನೋಡಿದರು.

“ಕೆಲವು ಚಿಹ್ನೆಗಳನ್ನ ಇದ್ದ ಹಾಗೇ ಹಾಕಿದ್ರೆ ಕಂಪ್ಯೂಟರ್ ಅದನ್ನ ತನಗೆ ಕೊಟ್ಟ ಆರ್ಡರ್ ಅಂದ್ಕೊಳ್ಳತ್ತೆ ಅಕ್ಕ. ಅದಕ್ಕೆ ಗಂಟಿಂದ ಶುರು ಮಾಡಿ, ಚಿಹ್ನೆ ಹೆಸರು ಬರ್ದು, ಈ ಬಾಲದಲ್ಲಿ ಮುಗಿಸ್ಬೇಕು. ಬಾಲ ಬಿಟ್ರೆ ಪುಟದ ತುಂಬ ಕಸ ಕಾಣತ್ತೆ.”

“ಕಸ ಆದ್ರೆ ಅದು ನನ್ನದೇ ಕೆಲ್ಸ ಅಲ್ವಾ” ಎಂದೆ. ಮೇಡಂ ನಕ್ಕರು. ಬಾಲ ಬಿಟ್ಟಲ್ಲೆಲ್ಲ ಗುರುತು ಹಾಕಲು ಒಂದು ಕೆಂಪು ಪೆನ್ಸಿಲ್ ಕೊಟ್ಟರು.

ಓದು ಬಂದವರು ಓದುತ್ತಾ ಹೋಗುತ್ತಾರೆ, ಬಾಲ ತಪ್ಪಿಸಿಬಿಡುತ್ತಾರೆ. ನನಗೆ ಓದಲು ಏನೂ ಇರಲಿಲ್ಲ, ಹಾಗಾಗಿ ಒಂದೂ ತಪ್ಪುತ್ತಿರಲಿಲ್ಲ. ತಪ್ಪಿದೆ ಎಂದು ವಾಶಿಯಿಂದ ಕಾಗದ ವಾಪಸು ಬರುವುದು ನಿಂತಿತು. “ಈ ಕೆಲಸ ಗಟ್ಟಿಯಾಗ್ಲಿ ಅಕ್ಕ, ಒರೆಸೋಕೆ ಬೇರೆಯವರನ್ನ ಇಡ್ತೀನಿ. ಕಿಟಕಿ ಹತ್ರ ನಿಮಗೊಂದು ಕುರ್ಚಿ” ಎಂದರು ಮೇಡಂ. ನನ್ನ ಮಂಡಿ ಆಗಲೇ ಹೋಗಿತ್ತು. ಆ ಕುರ್ಚಿ ನನಗೆ ಬೇಕಿತ್ತು. ಅಷ್ಟು ಬೇಕು ಅನ್ನಿಸಿದ್ದು ಬೇರೆ ಏನೂ ಇರಲಿಲ್ಲ.

ವಾಶಿಯ ಸಾಹೇಬರು ಒಂದು ದಿನ ಕ್ಲಾಸು ನೋಡಲು ಬಂದರು. “ಚೆಕಿಂಗ್ ಕೌನ್ ಕರ್ತಾ ಹೈ?” ಎಂದು ಕೇಳಿದರು. ನಾನು ಬಾಗಿಲಲ್ಲೇ ಇದ್ದೆ, ಸೆರಗಿಗೆ ಕೈ ಒರೆಸಿಕೊಂಡೆ.

“ಮೈ ಖುದ್ ಕರ್ತೀ ಹೂಂ” ಎಂದರು ಮೇಡಂ, ನೋಡುವುದೆಲ್ಲ ತಾನೇ ಎಂದು. ಆಮೇಲೆ ನನ್ನ ಕಡೆ ತಿರುಗಿ, “ಮಾವ್ಶಿ, ಚಹಾ ಆಣಾ.”

ಚಹಾ ತಂದುಕೊಟ್ಟೆ.

ಮುಂದಿನ ಕಟ್ಟಿನಲ್ಲಿ ಒಂದೇ ಹಾಳೆಯಲ್ಲಿ ಆರು ಕಡೆ ಬಾಲ ಬಿಟ್ಟಿತ್ತು. ಆರೂ ಕಂಡವು. ಪೆನ್ಸಿಲ್ ಕೈಯಲ್ಲೇ ಇತ್ತು. ಹಾಕಲಿಲ್ಲ. ಅದರ ಮುಂದಿನ ಕಟ್ಟಿನಲ್ಲೂ ಹಾಕಲಿಲ್ಲ...

ಕಾಗದ ವಾಪಸು ಬಂತು, ಸಾಹೇಬರ ಬೈಗುಳವೂ ಬಂತು. ಮೇಡಂ ನನಗೆ ಬೈಯಲಿ ಎಂದು ಕಾದೆ. ಬೈದಿದ್ದರೆ ಉತ್ತರ ತಯಾರಿತ್ತು. ಅವರು ಬೈಯಲಿಲ್ಲ. “ನಿಮ್ಮ ಕಣ್ಣು ಸೋತಿದೆ ಅಕ್ಕ, ಬನ್ನಿ” ಎಂದು ಪಕ್ಕದ ಊರು ಕಲ್ಯಾಣಕ್ಕೆ, ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ಹತ್ತಿರದ ನಂಬರು ಚೂರು ಬಂದಿದೆ ಎಂದ. ಮೇಡಂ ಚೀಲದಿಂದ ಆ ಹಾಳೆ ತೆಗೆದು ನನ್ನ ಮುಂದೆ ಹಿಡಿದರು.

“ಇದ್ರಲ್ಲಿ ಆರು ಬಿಟ್ಟಿದೆಯಂತೆ. ಒಂದಾದ್ರೂ ಕಾಣತ್ತಾ?”

“ಕಾಣೂದಿಲ್ಲ” ಎಂದೆ.

ಹೊಸ ಕನ್ನಡಕ ತಂದ ದಿನ, ವಾಪಸು ಬರುವ ಲೋಕಲ್ ಟ್ರೇನಿನಲ್ಲಿ ಅವರೇ ಬಾಯಿಬಿಟ್ಟರು. “ಇಂಗ್ಲಿಷ್ ಅಕ್ಷರ ಬಾರದವ್ರು ನೋಡ್ತಾರೆ ಅಂದಿದ್ರೆ ಅವತ್ತೇ ಕೆಲಸ ಕಿತ್ಕೊಳ್ತಿದ್ರು ಅಕ್ಕ. ಗಟ್ಟಿಯಾದ ಮೇಲೆ ಹೇಳೋಣ ಅಂತಿದ್ದೆ.” ನಿಜ ಹೇಳಿದರೋ, ಮುಖ ಉಳಿಸಿಕೊಂಡರೋ... ಇವತ್ತಿಗೂ ಗೊತ್ತಿಲ್ಲ. ಆರೂ ಕಂಡಿತ್ತು ಎಂದು ಆಗ ಹೇಳಬಹುದಿತ್ತು. ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ವಾಶಿಯ ಕೆಲಸ ಹೋಯಿತು. ಮಳೆಗಾಲದೊಳಗೆ ಕ್ಲಾಸಿಗೂ ಬೀಗ ಬಿತ್ತು. ಕಿಟಕಿಯ ಹತ್ತಿರ ಯಾವ ಕುರ್ಚಿಯೂ ಬರಲಿಲ್ಲ. ಮೇಡಂ ವರ್ತಕ ನಗರದಲ್ಲಿದ್ದ ತಂಗಿಯ ಮನೆಗೆ ಹೋದರು. ಹೋಗುವಾಗ, “ಕನ್ನಡಕ ಹಾಕ್ಕೊಳ್ಳಿ ಅಕ್ಕ” ಎಂದಿದ್ದರು. ನಾನು ಹಾಕಿಕೊಳ್ಳಲಿಲ್ಲ. ಅಂಗಡಿಯಲ್ಲಿ ತೋರಿಸಿದ ಹಾಳೆಯೂ ನನ್ನ ಬಳಿಯೇ ಉಳಿದಿತ್ತು, ಅದನ್ನೂ ಡಬ್ಬಿಯಲ್ಲಿ ಮಡಿಸಿಟ್ಟೆ.

ಕಳೆದ ತಿಂಗಳು ಅವರು ತೀರಿಹೋದರು ಎಂದು ಬಿಲ್ಡಿಂಗಿನ ವಾಚ್‌ಮನ್ ಹೇಳಿದ. ನಾನು ಅಳಲಿಲ್ಲ. ಅವರು ನನಗೆ ಒಳ್ಳೆಯದನ್ನೇ ಮಾಡಿದರು ಅಂತಲ್ಲ. ಆದರೆ ನನ್ನನ್ನು ಅಕ್ಕ ಎಂದು ಕರೆಯುವವರು ಈ ಊರಲ್ಲಿ ಇನ್ನು ಯಾರೂ ಇಲ್ಲ.

ಇವತ್ತು ಆ ಕನ್ನಡಕ ಮೊದಲ ಸಲ ಮೂಗಿಗೇರಿಸಿದೆ. ಹಾಳೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಆ ಆರನ್ನು ಹುಡುಕಿದೆ. ಕಣ್ಣಿನ ನಂಬರು ಎಲ್ಲಿಂದ ಎಲ್ಲಿಗೋ ಹೋಗಿದೆ. ಗಂಟು ಯಾವುದು, ಬಾಲ ಯಾವುದು, ಎಲ್ಲ ಇರುವೆ ಸಾಲು. ಅಂಗಡಿಯಲ್ಲಿ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದೆ. ಕಾಣೂದಿಲ್ಲ ಮೇಡಂ. ಈಗ ಅದು ನಿಜ.