ಮೊಲದ ಕಿವಿ ಕಪ್ಪಾಗುವ ತನಕ

ಗಲ್ಫಿನ ಅಲ್ ಅಜೈಬಾದ ಆ ವಿಲ್ಲಾದ ಹಿಂದೆ ಮೊಲಗಳಿಗೆ ಏಸಿ ಕೋಣೆ. ಪಕ್ಕದ ತಗಡಿನ ಕೋಣೆ ಅವನ್ನು ನೋಡಿಕೊಳ್ಳುವ ಕೊಗ್ಗನದು. ಅವನಿಗೆ ಫ್ಯಾನು. ವೀಸಾ ಕೊಟ್ಟ ಅರಬ್ ಧಣಿಯನ್ನು, ಕಫೀಲನನ್ನು, ಬೈದು ಮುಗಿಸೋಣವೆಂದರೆ, ಇಲ್ಲಿ ಯಜಮಾನ ನಮ್ಮವನೇ: ಮಂಡ್ಯದ ಶ್ರೀನಿವಾಸಮೂರ್ತಿ. ನವೆಂಬರ್ ಬಂದರೆ ವೇದಿಕೆ ಹತ್ತಿ, ಕನ್ನಡಿಗರೆಲ್ಲ ಒಂದೇ ಕುಟುಂಬ ಎಂದು ಕಣ್ಣೊರೆಸಿಕೊಳ್ಳುವವನು.

ಮೂರ್ತಿಗೆ ಒಂದೇ ಹುಚ್ಚು. ಮೈಯೆಲ್ಲ ಹಾಲುಬಿಳಿ, ಕಿವಿ, ಮೂಗು, ಪಾದ ಮಾತ್ರ ಇದ್ದಿಲುಕಪ್ಪು, ಅಂಥ ಮೊಲ. ಮಾರ್ಚಿನಲ್ಲಿ ಹೆಣ್ಣು ಗಬ್ಬವಾದಾಗ ಹೇಳಿದ್ದ: "ಈ ಸೂಲಿನ ಮರಿ ಬಣ್ಣ ಕಟ್ಟಲಿ, ಆಮೇಲೆ ಊರಿಗೆ ಹೋಗು. ಏಸಿ ಮಾತ್ರ ಮುಟ್ಟಬೇಡ."

ಕೊಗ್ಗ ಹೋಗಲೇಬೇಕಿತ್ತು. ಬಂಟ್ವಾಳದಲ್ಲಿ ಮಗಳು ಸೌಮ್ಯಶ್ರೀಗೆ ಚೊಚ್ಚಲ ಹೆರಿಗೆ. ಅವಳು ಹುಟ್ಟಿದಾಗಲೂ ಅಪ್ಪ ಇಲ್ಲೇ ಇದ್ದ. ಈ ಸಲ ಆಸ್ಪತ್ರೆ ಬಾಗಿಲಲ್ಲಿ ನಾನಿರ್ತೇನೆ ಎಂದು ಮಾತು ಕೊಟ್ಟಿದ್ದ.

ಮೊಲ ಈದಾಗ ಮೂರ್ತಿ ಕೆಲಸದ ಮೇಲೆ ದೂರದ ದುಕ್ಮ್‌ನಲ್ಲಿದ್ದ. ಮರಿ ಸತ್ತರೆ ರಜೆಯೂ ಸತ್ತ ಹಾಗೆ. ಗಾಬರಿಯಾದ ಕೊಗ್ಗ ಹೆಂಡತಿ ದಮಯಂತಿಗೆ ಫೋನ್ ಮಾಡಿದ.

"ಮೈಯಲ್ಲಿ ಒಂದು ರೋಮ ಇಲ್ಲ ಮಾರಾಯ್ತಿ. ಕೋಣೆ ಐಸಿನ ಹಾಗೆ ಉಂಟು."

"ಬಾಣಂತಿ ಕೋಣೆಗೆ ಯಾರಾದ್ರೂ ಗಾಳಿ ಬಿಡ್ತಾರಾ? ಕಮ್ಮಿ ಮಾಡಿ ಮೊದ್ಲು. ಮೊಲವಾದ್ರೆ ಎಂತ, ಹೆತ್ತವಳೇ ಅಲ್ವಾ?"

ಏಸಿ ಹೆಸರಿಗಷ್ಟೇ ಓಡುವಂತೆ ಮಾಡಿ, ಕಿಟಕಿಗೆ ಗೋಣಿ ಕಟ್ಟಿದ. ಮರಿಗಳು ಉಂಡೆಯುಂಡೆಯಾಗಿ ಬೆಳೆದವು.

ಮೂರ್ತಿ ಬಂದು ನೋಡಿದ.

"ಏನಯ್ಯ ಇದು, ಬಿಳಿ ಇಲಿ ಸಾಕಿದ್ದೀಯಾ?"

"ಒಂದೂ ಸಾಯ್ಲಿಲ್ಲ ಸಾರ್."

"ಬಣ್ಣ ಎಲ್ಲಯ್ಯ? ಈ ತಳಿಗೆ ಥಂಡಿ ಇದ್ರೇನೇ ಕಪ್ಪು ಬರೋದು. ಅದಕ್ಕೇ ಏಸಿ ಮುಟ್ಟಬೇಡ ಅಂದಿದ್ದು!"

"ಹಾಗಂತ ಹೇಳಿದ್ರೆ ಗೊತ್ತಾಗ್ತಿತ್ತಲ್ಲ ಸಾರ್..."

"ನಿನಗೆಲ್ಲ ವಿವರಿಸಬೇಕಾ? ರಜೆ ಖಲಾಸ್. ಇವು ಕಪ್ಪಾಗೋವರೆಗೂ ಇಲ್ಲೇ ಬಿದ್ದಿರು."

ಆಳಿಗೆ ಆಜ್ಞೆ ಸಾಕು, ಕಾರಣ ಬೇಡ. ನಮ್ಮ ಸಭ್ಯ ಮನೆಗಳ ನಿಯಮವೇ ಇದು. ಕೊಗ್ಗ ಕಾಲು ಹಿಡಿದ. ಪಾಸ್‌ಪೋರ್ಟ್ ಮೂರ್ತಿಯ ಕಪಾಟಿನಲ್ಲಿತ್ತು, ಕಪಾಟು ತೆರೆಯಲಿಲ್ಲ.

ಹಳೆ ರೋಮ ಉದುರಿ ಥಂಡಿಯಲ್ಲಿ ಹೊಸದು ಹುಟ್ಟಿದರೆ ಮಾತ್ರ ಕಪ್ಪು ಬರಬೇಕು. ಕೊಗ್ಗ ಈಗ ಏಸಿ ಮತ್ತೆ ಜೋರು ಮಾಡಿ, ಕಂಬಳಿ ಹೊದ್ದು ಆ ಥಂಡಿಯಲ್ಲೇ ಕೂರುತ್ತಾನೆ, ಮರಿಗಳ ಕಿವಿ ತಡವುತ್ತ. ಹಾಗೆ ಕೂತಿದ್ದಾಗಲೇ ದಮಯಂತಿಯ ವಿಡಿಯೋ ಕರೆ ಬಂತು. ಕಿಟಕಿ ಮುಚ್ಚಿದ ಕೋಣೆ, ಬಟ್ಟೆಯಲ್ಲಿ ಸುತ್ತಿದ ಮಗು.

"ಗಂಡು. ನಿಮ್ಮದೇ ಬಣ್ಣ, ಕಪ್ಪು. ಸೌಮ್ಯ ಹೆರಿಗೆ ಕೋಣೆಗೆ ಹೋಗುವಾಗ್ಲೂ ಬಾಗಿಲ ಕಡೆ ನೋಡ್ತಿದ್ಲು. ಯಾವಾಗ ಬರ್ತೀರಿ?"

ಕೊಗ್ಗ ತೊಡೆಯ ಮೇಲಿನ ಮರಿಯ ಕಿವಿಯನ್ನು ಟ್ಯೂಬ್‌ಲೈಟಿಗೆ ಹಿಡಿದ. ಬಿಳಿ.

"ಇನ್ನೂ ಸ್ವಲ್ಪ ಆಗ್ಬೇಕು," ಎಂದ.